ಕುಂಕುಮ ಹಚ್ಚಿದ ಡಿಸ್ಕು

ಯಂತ್ರಕ್ಕೆ ಏನಾಗಿದೆ ಎಂದು ತಿಳಿಯಬೇಕಾದರೆ ಗದಿಗೆಮ್ಮ ಅದರ ಮೇಲೆ ಅಂಗೈ ಇಡುತ್ತಾಳೆ. ಕಣ್ಣಿಟ್ಟು ನೋಡುವುದು, ಕಿವಿಗೊಟ್ಟು ಕೇಳುವುದು ಎಲ್ಲ ಆಮೇಲೆ. ಅವಳ ಎಂಬ್ರಾಯ್ಡರಿ ಯಂತ್ರ ಓಡುವಾಗ ಕೋಣೆಯಲ್ಲಿ ಆಡಿದ ಮಾತು ಕೇಳುವುದಿಲ್ಲ. ಆ ಗದ್ದಲದಲ್ಲಿ ಕಿವಿಯನ್ನು ನೆಚ್ಚಿ ಕೂತರೆ ಸೂಜಿ ಮುರಿದು ಹತ್ತು ಹೊಲಿಗೆ ಆದ ಮೇಲೆ ಗೊತ್ತಾಗುತ್ತದೆ. ಅಂಗೈ ಇಟ್ಟರೆ ಮುರಿಯುವ ಮುಂಚೆಯೇ ಗೊತ್ತಾಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ನನಗೂ ಯಾರೂ ಏನೂ ಹೇಳಿಕೊಟ್ಟವರಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಚಿತ್ತಾಪುರದಿಂದ ಹೈದರಾಬಾದಿಗೆ ಬಂದವನು ನಾನು, ಬಂಡೆಪ್ಪ. ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿ ಕಬ್ಬಿಣ ಉಜ್ಜಿದೆ. ಇಂಗ್ಲಿಷ್ ಅಕ್ಷರ ಕಲಿತದ್ದು ಯಂತ್ರಗಳ ಹಣೆಗೆ ಹೊಡೆದಿದ್ದ ಹಿತ್ತಾಳೆ ಪಟ್ಟಿಗಳಿಂದ. ಕಂಪ್ಯೂಟರ್ ಕಲಿತದ್ದು ನಿವೃತ್ತಿಯಾದ ಮೇಲೆ, ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ. ತಾನಾಗಿ ಕಲಿತವರನ್ನು ಕಂಡರೆ ನನಗೆ ಅಕ್ಕರೆ ಹೆಚ್ಚು. ಗದಿಗೆಮ್ಮನ ವಿಷಯ ಬರೆಯಲು ಕೂತದ್ದೂ ಅದಕ್ಕೇ.

ಅವಳು ಸುರಪುರದ ಕಡೆಯವಳು. ಇಪ್ಪತ್ತಾರು ವರ್ಷದ ಹಿಂದೆ ಗಂಡ ಸಾಬಣ್ಣನ ಜೊತೆ ಕಾಚಿಗೂಡ ನಿಲ್ದಾಣದಲ್ಲಿ ಇಳಿದವಳು ಮುಂದೆ ಹತ್ತು ವರ್ಷ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಳು. ಸೊಂಟ ಹಿಡಿದುಕೊಂಡು ಏಣಿ ಹತ್ತಲು ಆಗದಾದಾಗ ಎಂಬ್ರಾಯ್ಡರಿ ಕಾರ್ಖಾನೆಯೊಂದರಲ್ಲಿ ನೂಲಿನ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದಳು. ಕತ್ತರಿ ಆಡಿಸುತ್ತಲೇ ಒಂದು ಕಣ್ಣು ಕಂಪ್ಯೂಟರಿನ ಮೇಲೆ. ಅಲ್ಲಿ ಡಿಸೈನ್ ಮಾಡುವ ಮಾಸ್ತರ ಊಟಕ್ಕೆ ಹೋದಾಗ ಮೌಸು ಹಿಡಿದು ಒಂದು ಗೆರೆ ಎಳೆದು ನೋಡುವಳು, ಅವನು ಬರುವಷ್ಟರಲ್ಲಿ ಅಳಿಸುವಳು. ಪರದೆಯ ಮೇಲಿನ ಇಂಗ್ಲಿಷ್ ಅವಳಿಗೆ ಬಾರದು. ಯಾವ ಚಿತ್ರ ಒತ್ತಿದರೆ ಏನಾಗುತ್ತದೆ ಎಂಬುದಷ್ಟೇ ಬರುತ್ತಿತ್ತು. ಕಾರ್ಖಾನೆ ಮುಚ್ಚಿದಾಗ ಯಾರಿಗೂ ಬೇಡವಾದ ಒಂದು ಹಳೆಯ ಯಂತ್ರವನ್ನೂ ಅದಕ್ಕೆ ಜೋಡಿಯಾಗಿದ್ದ ಲ್ಯಾಪ್‌ಟಾಪನ್ನೂ ಕೊಂಡು, ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಳು. ಆ ಯಂತ್ರ ಮೊದಲ ಸಲ ನಿಂತಾಗ ಯಾರೋ ನನ್ನ ಹೆಸರು ಹೇಳಿದರಂತೆ. ಅಂದಿನಿಂದ ನಾನು ಅವಳಿಗೆ ಅಣ್ಣ, ಅವಳು ನನಗೆ ತಂಗಿ. ಸಾಬಣ್ಣ ಮಾತ್ರ ನನ್ನನ್ನು ‘ಉಸ್ತಾದ್’ ಎನ್ನುತ್ತಾನೆ. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ಇನ್ನೂ ಅಳೆದಿಲ್ಲ.

ಈ ಸಲದ ಜೂನ್ ಮೊದಲ ವಾರ ಆ ಲ್ಯಾಪ್‌ಟಾಪು ಮುನಿಸಿಕೊಂಡಿತು.

ಬೆಳಿಗ್ಗೆ ಗುಂಡಿ ಒತ್ತಿದರೆ ಅನ್ನ ಬೇಯಿಸಿ ಇಳಿಸುವಷ್ಟು ಹೊತ್ತಿಗೆ ಪರದೆ ಬರುತ್ತಿತ್ತು. ಒಂದು ಡಿಸೈನ್ ತೆರೆಯಲು ಹೋದರೆ ಗೋಡೆಯ ಹಾಗೆ ನಿಂತುಬಿಡುತ್ತಿತ್ತು. ನಾನು ಹೋಗಿ ಹೊಟ್ಟೆ ಬಿಚ್ಚಿ ನೋಡಿದೆ. ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಸವೆದಿತ್ತು. ಅದರೊಳಗೆ ಒಂದು ತಟ್ಟೆ ಗರಗರ ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಕಡ್ಡಿ ಆಡುತ್ತಿರುತ್ತದೆ. ಕಡ್ಡಿ ಗುರಿ ತಪ್ಪಿ ಮತ್ತೆ ಮತ್ತೆ ತಡಕಾಡತೊಡಗಿದರೆ ಆಯುಷ್ಯ ತೀರುತ್ತ ಬಂತೆಂದೇ ಲೆಕ್ಕ.

“ಟಕ್ ಟಕ್ ಅಂತೈತಲ್ಲಾ, ಕೇಳಸಾಕತ್ತಿಲ್ಲೇನ್ರಿ ಅಣ್ಣಾರ?” ಎಂದಳು ಗದಿಗೆಮ್ಮ.

“ಕೇಳ್ತೈತಿ, ಕೇಳ್ತೈತಿ” ಎಂದೆ. ಕೇಳಿಸಿರಲಿಲ್ಲ. ಕಾರ್ಖಾನೆಯ ಪ್ರೆಸ್ಸುಗಳು ನನ್ನ ಕಿವಿಯಿಂದ ಸಣ್ಣ ಸದ್ದುಗಳನ್ನು ಕಿತ್ತುಕೊಂಡು ಬಹಳ ವರ್ಷವಾಗಿದೆ.

ಲ್ಯಾಪ್‌ಟಾಪು ಹಳೆಯದಾದರೆ ಹೊಸದು ಕೊಳ್ಳಬಾರದೇ ಎಂದು ಯಾರಾದರೂ ಕೇಳಿಯಾರು. ಅಲ್ಲೇ ಇರುವುದು ತೊಡಕು. ಡಿಸೈನ್ ಮಾಡುವ ಆ ತಂತ್ರಾಂಶ ಆ ಒಂದು ಲ್ಯಾಪ್‌ಟಾಪಿಗೇ ಗಂಟು ಹಾಕಿದ್ದು. ಅದನ್ನು ಮಾರಿದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದಾನೆ. ಬೇರೆ ಯಂತ್ರಕ್ಕೆ ಅದು ಹತ್ತುವುದಿಲ್ಲ. ಮತ್ತು ಆ ಡಿಸ್ಕಿನೊಳಗೆ ಗದಿಗೆಮ್ಮ ಹನ್ನೊಂದು ವರ್ಷ ಕೂತು ತೆಗೆದ ಆರುನೂರು ಚಿಲ್ಲರೆ ಡಿಸೈನ್‌ಗಳಿದ್ದವು. ರವಿಕೆಯ ತೋಳಿನ ಬಳ್ಳಿ, ಸೆರಗಿನ ಹಂಸ, ಬ್ಯಾಂಡಿನವರ ಕೋಟಿನ ಹುಲಿ, ಎಲ್ಲ. ಎಂಬ್ರಾಯ್ಡರಿ ಯಂತ್ರದ ಹೊಟ್ಟೆಯಲ್ಲಿ ಒಂದು ಸಲಕ್ಕೆ ಒಂದೇ ಡಿಸೈನ್ ಹಿಡಿಯುತ್ತದೆ. ಉಳಿದದ್ದಕ್ಕೆ ಆ ಡಿಸ್ಕೇ ಕಣಜ. ಇನ್ನೊಂದು ಕಡೆ ನಕಲು ಇಟ್ಟಿರಲಿಲ್ಲ. ಇಡಿಸದೆ ಹೋದದ್ದು ನನ್ನ ತಪ್ಪೂ ಹೌದು.

ಅವುಗಳಲ್ಲೊಂದು ಶಾಲೆಯ ಬ್ಯಾಡ್ಜು. ನಾರಾಯಣಗೂಡದ ಕಡೆಯ ಒಂದು ಸಣ್ಣ ಶಾಲೆ. ಅಂಗಿಯ ಜೇಬಿನ ಮೇಲೆ ಹೊಲಿಯುವ ದೀಪ, ದೀಪದ ಸುತ್ತ ಎರಡು ಸಾಲು ಎಲೆ. ಒಂಬತ್ತು ವರ್ಷದಿಂದ ಅವಳೇ ಮಾಡಿಕೊಡುತ್ತಿದ್ದಳು. ಹನ್ನೆರಡನೇ ತಾರೀಕು ಶಾಲೆ ಶುರು, ಹತ್ತಕ್ಕೆ ಮುನ್ನೂರ ನಲವತ್ತು ಬ್ಯಾಡ್ಜು ಕೈಗೆ ಬರಬೇಕು ಎಂದು ಮುಖ್ಯೋಪಾಧ್ಯಾಯಿನಿ ಸುಭದ್ರಾ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಅವರು ಧಾರವಾಡದ ಕಡೆಯವರು, ನಯವಾಗಿಯೇ ಬಿಗಿ ಮಾಡುವವರು.

“ಗದಿಗೆಮ್ಮಾ, ಈ ಸರ್ತಿ ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ. ಅಬಿಡ್ಸದಾಗ ಹನ್ನೆರಡು ಸೂಜಿ ಯಂತ್ರದವರು ಕೇಳಾಕತ್ತಾರ. ಅವ್ರಿಗೆ ಕೊಟ್ರ ಆಮ್ಯಾಲ ಅವ್ರಿಗೇ ಆತು ನೋಡ್ರಿ.”

“ಆಗತೈತ್ರಿ ಬಾಯಾರ. ಹತ್ತಕ್ಕ ನಿಮ್ಮ ಕೈಯಾಗ” ಎಂದು ಗದಿಗೆಮ್ಮ ಫೋನು ಇಟ್ಟಳು. ಆಮೇಲೆ ನನ್ನ ಮುಖ ನೋಡಿದಳು. “ಒಂದು ಶಾಲಿ ಹೋದ್ರ ಹೋಗ್ಲಿ ಅನ್ರಿ. ಆ ಆರುನೂರು ಹೋದ್ರ ನಾನು ಮತ್ತ ಬುಟ್ಟಿ ಹೊರೋದ ಅಣ್ಣಾರ. ಈ ಸೊಂಟದಾಗ ಆಗತೈತೇನು?”

ಡಿಸ್ಕಿನ ದಪ್ಪವನ್ನು ನನ್ನ ವರ್ನಿಯರ್ ಅಳತೆಗೋಲಿನಿಂದ ಅಳೆದೆ. ಒಂಬತ್ತೂವರೆ ಮಿಲಿಮೀಟರ್. ಅದು ಕಚ್ಚಿಕೊಳ್ಳುವ ಜಾಗದಲ್ಲಿ ಹಲ್ಲುಗಳನ್ನು ಎಣಿಸಿದೆ. ಒಂದು ಕಡೆ ಏಳು, ಇನ್ನೊಂದು ಕಡೆ ಹದಿನೈದು. ಅದರ ಮೈಮೇಲೆ ಬರೆದಿದ್ದು ಐನೂರು ಜಿಬಿ. ಮೂರನ್ನೂ ಬೀಡಿ ಕಟ್ಟಿನ ಹಿಂದೆ ಗೀಚಿಕೊಂಡು, “ನಡಿ ತಂಗಿ, ಸಿಕಂದರಾಬಾದಿಗೆ” ಎಂದೆ.

ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿನಲ್ಲಿ ನಾವು ಹೊಕ್ಕ ಅಂಗಡಿಯವನು ಚೂಪು ಗಡ್ಡದ ಚುರುಕು ಮನುಷ್ಯ. ಹಳೆಯ ಲ್ಯಾಪ್‌ಟಾಪಿಗೆ ಹೊಸ ತರದ ಡಿಸ್ಕು, ಎಸ್‌ಎಸ್‌ಡಿ, ಬೇಕು ಎಂದದ್ದೇ ತಡ, ಬಾಚಣಿಗೆಯ ತುಂಡಿನಂಥ ಒಂದು ಹಸಿರು ಪಟ್ಟಿ ತೆಗೆದು ಮುಂದಿಟ್ಟ.

“ಯೇ ಲೇಲೋ ಚಾಚಾ. ಪಾಂಚ್ ಗುನಾ ತೇಜ್ ಹೈ.”

ಐದು ಪಟ್ಟು ವೇಗವಂತೆ. ಗದಿಗೆಮ್ಮ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ ನನ್ನ ಕಡೆ ಹುಬ್ಬು ಹಾರಿಸಿದಳು. ನಾನು ಬೀಡಿ ಕಟ್ಟು ತೆಗೆದು ಅವನಿಗೆ ಹಿಡಿದೆ. “ಏಳು ಹಲ್ಲು, ಹದಿನೈದು ಹಲ್ಲು. ನಿನ್ನ ಈ ಪಟ್ಟಿ ಅದಕ್ಕೆಲ್ಲಿ ಕಚ್ಚಿಕೊಳ್ಳುತ್ತದೆ ತೋರಿಸು” ಎಂದು ಹಿಂದಿಯಲ್ಲಿ ಕೇಳಿದೆ. ಅವನು ನಕ್ಕ. ಪಟ್ಟಿ ಒಳಗೆ ಹೋಯಿತು, ಅಂಗೈಯಗಲದ ಚಪ್ಪಟೆ ಡಬ್ಬಿಗಳು ಹೊರಗೆ ಬಂದವು. ಆ ಕಾಲದ ಲ್ಯಾಪ್‌ಟಾಪುಗಳಿಗೆ ಕೂಡುವುದು ಇವೇ.

ಅದರಲ್ಲೂ ಮೂರು ತರ. ನಾನೂರ ಎಂಬತ್ತು ಜಿಬಿಯದು, ಐನೂರರದು, ಒಂದು ಸಾವಿರದ್ದು. ನಾನೂರ ಎಂಬತ್ತು ಸಾಕಲ್ಲ, ಯಾರೂ ತುಂಬಿಸುವುದಿಲ್ಲ ಎಂದ ಅಂಗಡಿಯವನು. ನಾನು ಒಪ್ಪಲಿಲ್ಲ. ಹಳೆಯ ಡಿಸ್ಕನ್ನು ತುಂಡು ತುಂಡಾಗಿ ತೆಗೆಯುತ್ತ ಕೂತರೆ ನಡುವೆಯೇ ಉಸಿರು ಬಿಟ್ಟೀತು. ತಂತ್ರಾಂಶ ಸಮೇತ ಇಡಿಯಾಗಿ ಹೊಸದಕ್ಕೆ ಎತ್ತಬೇಕು. ಇಡಿಯಾಗಿ ಎತ್ತುವುದಾದರೆ ಹೊಸ ಪಾತ್ರೆ ಹಳೆಯದಕ್ಕಿಂತ ಒಂದು ಬೆರಳೂ ಕಿರಿದಾಗಿರಬಾರದು.

“ಹಂಗಾರ ಸಾವಿರದ್ದ ತಗೊಳ್ರಿ, ಧಾರಾಳ ಆಗತೈತಿ” ಎಂದಳು ಗದಿಗೆಮ್ಮ.

“ಬ್ಯಾಡ. ಐನೂರಕ್ಕ ಐನೂರು. ಕೆಲಸ ಅಂದ್ರ ಅಳತಿ ಕೂಡಬೇಕು” ಎಂದೆ. ಟೂಲ್‌ರೂಮಿನಲ್ಲಿ ಕೂದಲೆಳೆಯ ಸಡಿಲವನ್ನೂ ಸಹಿಸದ ಕೈ ಇದು. ಸರಿಸಮ ಕೂಡಿದ್ದನ್ನು ನೋಡುವುದರಲ್ಲಿ ನನಗೊಂದು ಸುಖವಿದೆ. ಅದೇ ಸುಖಕ್ಕೆ, ಎರಡು ಡಿಸ್ಕುಗಳನ್ನೂ ನನ್ನ ಕಂಪ್ಯೂಟರಿಗೆ ಸಿಕ್ಕಿಸಲು ಬೇಕಾದ ಕರಿಯ ಡಬ್ಬಿಗಳನ್ನೂ ಒಂದೇ ತರದ ಜೋಡಿಯಾಗಿ ತೆಗೆದುಕೊಂಡೆ.

ಬಸ್ಸಿನಲ್ಲಿ ಅವಳು ಹೊಸದನ್ನು ಮಡಿಲಲ್ಲಿಟ್ಟುಕೊಂಡು ಎರಡು ಕೈಯನ್ನೂ ಮೇಲಿಟ್ಟಿದ್ದಳು.

“ಇದರಾಗ ಏನು ತಿರಗತೈತ್ರಿ?”

“ಏನೂ ತಿರಗಂಗಿಲ್ಲ. ತಟ್ಟಿ ಇಲ್ಲ, ಕಡ್ಡಿ ಇಲ್ಲ. ಅಲುಗಾಡೋ ಒಂದು ಸಾಮಾನೂ ಇಲ್ಲ. ಅದಕ್ಕ ಸವಿಯಂಗಿಲ್ಲ, ಅದಕ್ಕ ಜೋರು ಓಡತೈತಿ.”

“ನಡಗೂದಿಲ್ಲ?”

“ಒಂದು ಕೂದಲದಷ್ಟೂ ಇಲ್ಲ.”

“ಹಂಗಾರ ಜೀವ ಐತಿ ಅಂತ ಹ್ಯಾಂಗ ಗೊತ್ತಾಗಬೇಕು?” ಎಂದಳು. ನಾನು ನಕ್ಕೆ. ಬೇಗಂಪೇಟೆಯಿಂದ ಬಂದ ಒಂದು ಮೋಡ ನಮ್ಮ ಬಸ್ಸಿನ ಮೇಲೆ ನಾಲ್ಕು ಹನಿ ಉದುರಿಸಿ ಹೋಯಿತು. ಅವಳು ಸೆರಗಿನಿಂದ ಡಬ್ಬಿ ಮುಚ್ಚಿಕೊಂಡಳು.

ಮಾರನೆಯ ದಿನ ಎಂಟನೇ ತಾರೀಕು. ಬೆಳಿಗ್ಗೆ ಹತ್ತಕ್ಕೆ ನನ್ನ ಲ್ಯಾಪ್‌ಟಾಪನ್ನು ಅವಳ ಕೋಣೆಗೆ ಹೊತ್ತುಕೊಂಡು ಹೋದೆ. ಪಕ್ಕದ ಮನೆಯ ಹಿಟ್ಟಿನ ಗಿರಣಿ ಆಗಲೇ ಶುರುವಾಗಿತ್ತು. ಸಾಬಣ್ಣ ಅಂದು ಗಾರೆ ಕೆಲಸಕ್ಕೆ ರಜೆ ಹಾಕಿ ಬಾಗಿಲಲ್ಲಿ ಕೂತಿದ್ದ.

“ಉಸ್ತಾದ್, ಆಪರೇಷನ್ ಅಂತಲ್ಲಾ ಇವತ್ತು? ಪೇಶಂಟು ಉಳಿತೈತೋ, ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಬೇಕೋ ನಾವು?”

“ನೀ ಮೊದ್ಲ ಬಾಗಲಾ ಬಿಡು, ಗಾಳಿ ಬರಲಿ” ಎಂದೆ.

ಹಳೆಯ ಡಿಸ್ಕನ್ನು ಒಂದು ಕರಿಯ ಡಬ್ಬಿಗೆ ಹಾಕಿ ಸ್ಕ್ರೂ ಬಿಗಿದೆ, ಹೊಸದನ್ನು ಇನ್ನೊಂದಕ್ಕೆ. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಚೀಟಿ ಅಂಟಿಸಬೇಕೆಂದು ಟೇಪನ್ನೂ ತೆಗೆದಿದ್ದೆ. ಆದರೆ ಕೈಗೆ ಯಂತ್ರದ ಎಣ್ಣೆ ಮೆತ್ತಿತ್ತು, ಟೇಪು ಹಿಡಿಯಲಿಲ್ಲ. ತೊಳೆಯಲು ಹಿತ್ತಲಿನ ನಲ್ಲಿಗೆ ಹೋದೆ. ಅಲ್ಲಿ ಸಾಬಣ್ಣ ಬೆನ್ನಿಗೆ ಬಿದ್ದ. ಹೊಸ ಡಿಸ್ಕು ಎಷ್ಟು ವರ್ಷ ಬಾಳುತ್ತದೆ, ಸಿಡಿಲು ಬಡಿದರೆ ಏನಾಗುತ್ತದೆ, ಹೀಗೆ. ಅವನಿಗೆ ಸಮಾಧಾನ ಹೇಳಿ ಬರುವಷ್ಟರಲ್ಲಿ ಕಾಲು ತಾಸು ಕಳೆದಿತ್ತು.

ಮೇಜಿನ ಮೇಲೆ ಚಿತ್ರ ಬದಲಾಗಿತ್ತು. ಎರಡೂ ಡಬ್ಬಿಗಳು ಸ್ಟೀಲಿನ ತಟ್ಟೆಯೊಂದರಲ್ಲಿ ಅಕ್ಕಪಕ್ಕ ಕೂತಿದ್ದವು. ಎರಡು ಕಣಗಿಲೆ ಹೂವು, ಊದುಬತ್ತಿಯ ಹೊಗೆ. ಒಂದು ಡಬ್ಬಿಯ ನೆತ್ತಿಯ ಮೇಲೆ ಅರಿಸಿನ ಕುಂಕುಮ. ಗದಿಗೆಮ್ಮ ಕೈ ಮುಗಿದು ಎದ್ದಳು.

ಹೊಸ ಸಾಮಾನು ಮನೆಗೆ ಬಂದರೆ ಕುಂಕುಮ ಹಚ್ಚದೆ ಬಳಸುವವರು ನಮ್ಮ ಕಡೆ ಯಾರಿದ್ದಾರೆ? ನನಗೆ ಸಂತೋಷವೇ ಆಯಿತು. ಹೊಸದಕ್ಕೆ ಪೂಜೆಯಾಯಿತು, ನನಗೆ ಗುರುತೂ ಸಿಕ್ಕಿತು, ಚೀಟಿಯ ಕೆಲಸ ಉಳಿಯಿತು ಎಂದುಕೊಂಡೆ. ಕೇಳಲಿಲ್ಲ. ತಟ್ಟೆಯಲ್ಲಿದ್ದ ಹಾಗೆಯೇ ಬರಿಯ ಡಬ್ಬಿಗೆ ಮೊದಲು ತಂತಿ ಸಿಕ್ಕಿಸಿದೆ, ಕುಂಕುಮದ ಡಬ್ಬಿಗೆ ಆಮೇಲೆ. ಮೊದಲು ಸಿಕ್ಕಿಸಿದ್ದು ಪರದೆಯಲ್ಲಿ ಮೇಲಿನ ಸಾಲು, ಆಮೇಲಿನದು ಕೆಳಗಿನ ಸಾಲು. ಅದು ನನ್ನ ಪದ್ಧತಿ.

ನಕಲು ಮಾಡುವ ತಂತ್ರಾಂಶ ತೆರೆದುಕೊಂಡಿತು. ಕರಿಯ ಪರದೆ, ಬಿಳಿಯ ಅಕ್ಷರ. ಎರಡು ಸಾಲು ಬಂದವು. ಎರಡರ ಮುಂದೆಯೂ ಐನೂರು. ಎರಡಕ್ಕೂ ಒಂದೇ ಹೆಸರು, ಏಕೆಂದರೆ ಅದಕ್ಕೆ ಕಾಣುವುದು ಹೊರಗಿನ ಡಬ್ಬಿಯ ಹೆಸರು, ಒಳಗಿನದ್ದಲ್ಲ. ಅವಳಿ ಮಕ್ಕಳ ಹಾಗೆ ಎರಡು ಸಾಲುಗಳೂ ನನ್ನನ್ನು ನೋಡುತ್ತಿದ್ದವು. ಮೇಲಿನದನ್ನು ಓದು, ಕೆಳಗಿನದರ ಮೇಲೆ ಬರೆ ಎಂದು ಆಜ್ಞೆ ಕೊಟ್ಟೆ.

ಅದು ಕೇಳಿತು: ಕೆಳಗಿನ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಹೌದು ಎನ್ನುವ ಅಕ್ಷರ ಒತ್ತಿದೆ.

ಅದು ಹಳೆಯ ಕಾಲದ ಗುಮಾಸ್ತನ ಹಾಗೆ, ಎರಡು ಸಲ ಕೇಳದೆ ಬಿಡುವುದಿಲ್ಲ. ಮತ್ತೆ ಕೇಳಿತು: ಇದೇ ಕೊನೆಯ ಸಲ, ನಿಜವಾಗಿಯೂ ಮುಂದುವರಿಯಲೇ?

ಬೆರಳು ಗುಂಡಿಯ ಮೇಲಿತ್ತು.

“ಏನ್ ಕೇಳಾಕತ್ತೈತ್ರಿ ಅದು?” ಎಂದಳು ಗದಿಗೆಮ್ಮ. ತಟ್ಟೆಯ ಪಕ್ಕ ನಿಂತು ಕುಂಕುಮದ ಡಬ್ಬಿಯ ಮೇಲೆ ಅಂಗೈ ಇಟ್ಟಿದ್ದಳು.

“ಅಳಸ್ಲೇನು ಅಂತ ಕೇಳ್ತೈತಿ.”

“ಯಾವ್ದನ್ನ?”

“ಹೊಸಾದನ್ನ. ಅದು ಹೆಂಗೂ ಖಾಲಿ.”

“ನಿಲ್ರಿ ಅಣ್ಣಾರ. ಇದು ನಡಗಾಕತ್ತೈತಿ.”

“ಗಿರಣಿ ನಡದೈತಲ್ಲ ಮಗ್ಗಲದಾಗ, ಮೇಜ ನಡಗತೈತಿ” ಎಂದೆ.

ಅವಳು ಆ ಕೈ ತೆಗೆದು ಬರಿಯ ಡಬ್ಬಿಯ ಮೇಲಿಟ್ಟಳು. ಕಣ್ಣು ಮುಚ್ಚಿದಳು. “ಇದು ನಡಗವಲ್ದು. ಮೇಜ ನಡಗಿದ್ರ ಎರಡೂ ನಡಗಬೇಕಲ್ರಿ?”

“ಗದಿಗೆವ್ವಾ, ಕೆಲಸದಾಗ ಅಡ್ಡ ಬಾಯಿ ಹಾಕಬ್ಯಾಡ.”

“ನೀವ ಹೇಳಿದ್ರಿ. ಹೊಸಾದು ಕೂದಲದಷ್ಟೂ ನಡಗಂಗಿಲ್ಲ ಅಂತ, ಬಸ್ಸಿನಾಗ.”

“ಹೌದು, ಹೇಳೀನಿ. ಸರಿ ಈಗ.”

ಬೆರಳು ಬಾಗಿತು. ಅವಳು ನನ್ನ ಮಣಿಕಟ್ಟು ಹಿಡಿದು ಎತ್ತಿಬಿಟ್ಟಳು. ಬುಟ್ಟಿ ಹೊತ್ತ ಕೈ, ಕೊರಡಿನ ಹಾಗೆ ಗಟ್ಟಿ. ಮೂವತ್ತೆಂಟು ವರ್ಷದಲ್ಲಿ ಕೆಲಸದ ನಡುವೆ ನನ್ನ ಕೈ ಹಿಡಿದವರು ಯಾರೂ ಇಲ್ಲ, ಫೋರ್‌ಮನ್ ಕೂಡ. ಮೈ ಉರಿದುಹೋಯಿತು. ಸಾಬಣ್ಣ ಬಾಗಿಲಿಂದ ಎದ್ದು ನಿಂತ, ನಗಲಿಲ್ಲ.

“ನಿನ್ನ ಪೂಜಿ ನೀ ಮಾಡಿದಿ, ನನ್ನ ಕೆಲಸ ನನಗ ಬಿಡು” ಎಂದೆ. “ಕುಂಕುಮ ಹಚ್ಚಿದ್ದು ಹೊಸಾದಲ್ಲೇನು?”

ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು.

“ಹೊಸಾದಕ್ಕ ಯಾಕ ಹಚ್ಚಲ್ರಿ? ಅದು ಇನ್ನಾ ಏನ್ ಕೆಲಸ ಮಾಡೇತಿ? ಹನ್ನೊಂದು ವರ್ಷ ದುಡಿದು ಹೊಂಟಿದ್ದು ಹಳೇದು. ಹೊಂಟವರಿಗೆ ಹಚ್ಚೀನಿ.”

ದುಡಿದ ಎತ್ತನ್ನು ಕೊಟ್ಟು ಕಳಿಸುವಾಗ ಹಗ್ಗ ಬಿಚ್ಚುವ ಮುಂಚೆ ಅದರ ಹಣೆಗೆ ನನ್ನ ಅವ್ವನೂ ಕುಂಕುಮ ಇಟ್ಟು, ಒಂದು ಹಿಡಿ ಜೋಳ ತಿನ್ನಿಸಿಯೇ ಕಳಿಸುತ್ತಿದ್ದಳು. ಅದು ನನಗೆ ಗೊತ್ತಿಲ್ಲದ್ದಲ್ಲ. ಬರುವವರಿಗೂ ಕುಂಕುಮ, ಹೋಗುವವರಿಗೂ ಕುಂಕುಮ. ನಾನು ಒಂದನ್ನು ನೆನೆದು ಇನ್ನೊಂದನ್ನು ಮರೆತಿದ್ದೆ.

ನನ್ನ ಅಂಗೈಯನ್ನು ಕುಂಕುಮದ ಡಬ್ಬಿಯ ಮೇಲಿಟ್ಟೆ. ಕಿವಿಗೆ ಸಿಗದೆ ತಪ್ಪಿಸಿಕೊಂಡಿದ್ದ ಆ ಟಕ್ ಟಕ್ ಅಂಗೈಗೆ ಸಿಕ್ಕಿತು. ಒಳಗೆ ತಟ್ಟೆ ತಿರುಗುತ್ತಿತ್ತು, ಕಡ್ಡಿ ತಡಕಾಡುತ್ತಿತ್ತು. ಒಂದು ಗುಂಡಿ ಒತ್ತಿದ್ದರೆ ಖಾಲಿ ಡಿಸ್ಕಿನ ಖಾಲಿತನವೆಲ್ಲ ಅವಳ ಹನ್ನೊಂದು ವರ್ಷದ ಮೇಲೆ ಹರಡಿಕೊಳ್ಳುತ್ತಿತ್ತು. ಪರದೆ ಇನ್ನೂ ಕೇಳುತ್ತಲೇ ಇತ್ತು: ಮುಂದುವರಿಯಲೇ?

ಬೇಡ ಎನ್ನುವ ಅಕ್ಷರವನ್ನು ಹುಡುಕಿ ಒತ್ತಿದೆ. ಎರಡೂ ತಂತಿ ಕಿತ್ತೆ. ಕುರ್ಚಿಗೆ ಒರಗಿದೆ. ಬೆವರು ಅಂಗಿಯ ಬೆನ್ನನ್ನು ಅಂಟಿಸಿಬಿಟ್ಟಿತ್ತು.

ಸಾಬಣ್ಣ ಒಂದು ಚೊಂಬು ನೀರು ತಂದು ಕೊಟ್ಟ. “ಕುಡೀರಿ ಉಸ್ತಾದ್. ಪೇಶಂಟು ಛಲೋ ಐತಿ, ಡಾಕ್ಟರ್‌ಗ ಆರಾಮಿಲ್ಲ” ಎಂದ.

“ಸುಮ್ಮಕಿರು ನೀ” ಎಂದಳು ಗದಿಗೆಮ್ಮ ಅವನಿಗೆ. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಎರಡೂ ಡಬ್ಬಿಗಳ ಸ್ಕ್ರೂ ಬಿಚ್ಚಿ ಕಣ್ಣಾರೆ ನೋಡಿದೆ. ಬಿಳಿಯ ಟೇಪಿನ ಮೇಲೆ ‘ಹಳೇದು’, ‘ಹೊಸದು’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಹಳೆಯದನ್ನು ಮೊದಲು ಸಿಕ್ಕಿಸಿದೆ. “ಕೈ ಇಡು ತಂಗಿ” ಎಂದೆ. ಅವಳು ಇಟ್ಟು, “ನಡಗತೈತಿ” ಎಂದಳು. ಹೊಸದನ್ನು ಸಿಕ್ಕಿಸಿದೆ. “ತಣ್ಣಗೈತಿ” ಎಂದಳು. ಆಗ ಎರಡು ಸಲವೂ ಹೌದು ಒತ್ತಿದೆ.

ಹನ್ನೊಂದೂವರೆಗೆ ಶುರುವಾಯಿತು. ನೂರಕ್ಕೆ ಒಂದು ದಾಟಲು ಒಂದೂವರೆ ನಿಮಿಷ. ಕೆಲವೊಮ್ಮೆ ಒಂದೇ ಜಾಗದಲ್ಲಿ ಹತ್ತು ನಿಮಿಷ ಕುಂಟುತ್ತಿತ್ತು. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗು ಎಂದು ಮೊದಲೇ ಹೇಳಿದ್ದೆ. ಎಷ್ಟು ಬಿಟ್ಟಿತು, ಏನು ಬಿಟ್ಟಿತು ಎಂದು ಆಗಲೇ ತಿಳಿಯುವಂತಿರಲಿಲ್ಲ. ಡಬ್ಬಿ ಕಾಯತೊಡಗಿತು. ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದೆವು. ನಾವು ಮೂವರು ಬೆವರುತ್ತ ಕೂತೆವು. ಗದಿಗೆಮ್ಮ ಕೈ ತೆಗೆಯಲಿಲ್ಲ. ಸಾಬಣ್ಣ ರೊಟ್ಟಿ ಪುಂಡಿಪಲ್ಯ ತಂದಿಟ್ಟರೆ ಎಡಗೈ ಡಬ್ಬಿಯ ಮೇಲೆ, ಬಲಗೈ ತಟ್ಟೆಯಲ್ಲಿ.

ನಡುವೆ ಸುಭದ್ರಾ ಅವರ ಫೋನು ಬಂತು. ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಯಾರೂ ಎತ್ತಲಿಲ್ಲ.

ಎಪ್ಪತ್ತೊಂದರಲ್ಲಿ ನಿಂತಿತು. ಐದು ನಿಮಿಷ. ಹತ್ತು ನಿಮಿಷ. ಗದಿಗೆಮ್ಮ ಅಂಗೈಯನ್ನು ಇನ್ನಷ್ಟು ಒತ್ತಿದಳು.

“ನಿಂತೈತಿ ಅಣ್ಣಾರ. ಕೈಯಾಗ ಏನೂ ಇಲ್ಲ.”

ನಾನೂ ಕೈಯಿಟ್ಟೆ. ತಟ್ಟೆ ತಿರುಗುತ್ತಿರಲಿಲ್ಲ. ಮುಕ್ಕಾಲು ಭಾಗ ದಾಟದೆ ಹೋದರೆ ಆ ತಂತ್ರಾಂಶ ಎದ್ದು ಕೂರುವುದಿಲ್ಲ ಎಂಬ ಭಯ ನನಗೆ. ತಂತಿ ಕಿತ್ತು ಮತ್ತೆ ಸಿಕ್ಕಿಸಲೇ? ಸಿಕ್ಕಿಸಿದರೆ ಮತ್ತೆ ಸೊನ್ನೆಯಿಂದ. ಅಷ್ಟು ದೂರ ಇನ್ನೊಮ್ಮೆ ಬರುವ ತ್ರಾಣ ಅದಕ್ಕಿರಲಿಲ್ಲ.

“ಕಾಂಕ್ರೀಟಿಗೆ ಸೆಂಟ್ರಿಂಗ್ ಹಲಗಿ ಹಿಡಕೊಂಡ್ರ ನಾವು ಒಂದ ಏಟು ಹಾಕ್ತೀವಿ” ಎಂದ ಸಾಬಣ್ಣ. ಅವನ ಕೈಯಲ್ಲಿ ನಿಜವಾಗಿಯೂ ಚಪ್ಪಲಿ ಇತ್ತು.

“ಮುಟ್ಟೀಯಾ!” ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು.

ಗದಿಗೆಮ್ಮ ಎದ್ದು ಹೋಗಿ, ಪಕ್ಕದ ಗಿರಣಿಯವನಿಗೆ ಏನೋ ಹೇಳಿ ಬಂದಳು. ಗಿರಣಿ ನಿಂತಿತು. ಕೋಣೆಯಲ್ಲಿ ಫ್ಯಾನಿನ ಗಾಳಿ ಬಿಟ್ಟರೆ ಏನೂ ಇಲ್ಲ. ಅವಳು ಮತ್ತೆ ಕೂತು ಅಂಗೈ ಇಟ್ಟಳು. ಎಷ್ಟು ಹೊತ್ತೋ. ಆಮೇಲೆ ಅವಳ ಹುಬ್ಬು ಸ್ವಲ್ಪ ಮೇಲೇರಿತು. ಪರದೆ ನೋಡಿದೆ, ಇನ್ನೂ ಎಪ್ಪತ್ತೊಂದೇ.

“ಬಂತು” ಎಂದಳು.

ಒಂದು ನಿಮಿಷದ ಮೇಲೆ ಪರದೆಗೂ ಸುದ್ದಿ ಮುಟ್ಟಿತು. ಎಪ್ಪತ್ತೆರಡು.

ಮೂರು ಗಂಟೆ ಹತ್ತು ನಿಮಿಷಕ್ಕೆ ನೂರಾಯಿತು. ಹೊಸ ಡಿಸ್ಕನ್ನು ಡಬ್ಬಿಯಿಂದ ತೆಗೆದು ಅವಳ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಇಟ್ಟರೆ ಎರಡೂವರೆ ಮಿಲಿಮೀಟರ್ ಸಡಿಲ. ಹೊಸದರ ದಪ್ಪ ಏಳೇ. ಇದು ನನಗೆ ಮೊದಲೇ ಗೊತ್ತಿತ್ತು, ಆ ಸಡಿಲ ತುಂಬುವ ಚೌಕಟ್ಟೊಂದನ್ನು ಮನೆಯಿಂದಲೇ ಉಜ್ಜಿ ತಂದಿದ್ದೆ. ಅದು ಅಚ್ಚು ಒತ್ತಿದ ಹಾಗೆ ಕೂತಿತು. ಆ ದಿನ ನನ್ನ ಅಳತೆ ಸರಿಯಾದ ಜಾಗ ಅದೊಂದೇ.

ಗುಂಡಿ ಒತ್ತಿದಳು. ಅಭ್ಯಾಸದ ಬಲ, ಒತ್ತಿ ಅಡಿಗೆ ಮನೆಯ ಕಡೆ ಹೊರಟಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಸಾಬಣ್ಣ ಕೂಗಿದ, “ಏ, ಬಂದ ಬಿಟ್ಟೈತಿ, ಬಾ ಇಲ್ಲೆ!”

ಡಿಸೈನಿನ ತಂತ್ರಾಂಶ ತೆರೆದುಕೊಂಡಿತು. ಅವಳು ಬ್ಯಾಡ್ಜಿನ ಚಿತ್ರ ಒತ್ತಿದಳು. ದೀಪ ಬಂತು, ಎಲೆ ಬಂತು, ಎರಡೂ ಸಾಲು. ಆಮೇಲೆ ಅವಳು ಒಂದೊಂದಾಗಿ ಉಳಿದವನ್ನು ತೆರೆಯುತ್ತ ಹೋದಳು. ಆರುನೂರು ಚಿಲ್ಲರೆಯಲ್ಲಿ ನಾಲ್ಕು ತೆರೆಯಲಿಲ್ಲ. ಓದಲಾಗದೆ ಬಿಟ್ಟ ಜಾಗ ಆ ನಾಲ್ಕರದು. ಅದರಲ್ಲಿ ಒಂದು ಅವಳು ಮೊಟ್ಟಮೊದಲು ತೆಗೆದ ಗುಬ್ಬಿ. ನಾನು ಸಮಾಧಾನ ಹೇಳಲು ಬಾಯಿ ತೆರೆದೆ.

“ಅದರ ಕಾಲ ಸೊಟ್ಟ ಇದ್ವು. ಹೋಗ್ಲಿ ಬಿಡ್ರಿ” ಎಂದಳು.

ಮೊದಲ ಬ್ಯಾಡ್ಜು ಹೊಲಿದು ಹೊರಬಂದಾಗ ಗಂಟೆ ಐದು. ಬೆಳಕಿಗೆ ಹಿಡಿದು ನೋಡಿದಳು, ಹಿಂದೆ ತಿರುಗಿಸಿ ನೂಲು ನೋಡಿದಳು. ಎರಡನೆಯದು, ಮೂರನೆಯದು. ಹನ್ನೆರಡು ಆದ ಮೇಲೆ ಎದ್ದು ಹೋಗಿ ಕುಂಕುಮದ ಭರಣಿ ತಂದು, ಲ್ಯಾಪ್‌ಟಾಪಿನ ಮೂಲೆಗೆ ಒಂದು ಚುಕ್ಕೆ ಇಟ್ಟಳು.

“ಈಗ ಹಚ್ಚಬಹುದ್ರಿ. ದುಡಿದು ತೋರಿಸ್ತು” ಎಂದಳು.

ಹತ್ತನೇ ತಾರೀಕು ಮಧ್ಯಾಹ್ನ ಬ್ಯಾಡ್ಜುಗಳು ಸುಭದ್ರಾ ಅವರ ಮೇಜಿನ ಮೇಲಿದ್ದವು. ಹಳೆಯ ಡಿಸ್ಕು ನೂಲಿನ ಉಂಡೆಗಳ ಪಕ್ಕದ ಗೂಡಿನಲ್ಲಿದೆ. ಕುಂಕುಮ ಇನ್ನೂ ಉದುರಿಲ್ಲ.

ಶಾಲೆ ಶುರುವಾದ ಮರುವಾರ ನಾವು ಮತ್ತೆ ಸಿಕಂದರಾಬಾದಿಗೆ ಹೋದೆವು. ಎಲ್ಲ ಡಿಸೈನ್‌ಗಳ ಇನ್ನೊಂದು ನಕಲು ಬೇರೆ ಕಡೆ ಇರಬೇಕು ಎಂದು ನಾನೇ ಹಟ ಹಿಡಿದಿದ್ದೆ. ಅದೇ ಚೂಪು ಗಡ್ಡದವನು ನಮ್ಮನ್ನು ಕಂಡು ನಗುತ್ತ ಐನೂರರದನ್ನೇ ತೆಗೆದ. ನಾನು ಬೀಡಿ ಕಟ್ಟಿಗೆ ಕೈ ಹಾಕುವಷ್ಟರಲ್ಲಿ ಗದಿಗೆಮ್ಮ ಅಂಗಡಿಯವನ ಮೇಜಿನ ಮೇಲೆ ಅಂಗೈ ಊರಿದಳು.

“ಐನೂರು ನಕೋ ಭಾಯ್, ಹಜಾರ್ ವಾಲಾ ದೇವ್” ಎಂದು ಸಾವಿರದ್ದನ್ನೇ ಕೇಳಿ, ನನ್ನ ಕಡೆ ತಿರುಗಿದಳು. “ಡಬ್ಬಿನೂ ಈ ಸರ್ತಿ ಕೆಂಪಂದು ತಗೊಳ್ರಿ ಅಣ್ಣಾರ.”

ಕೆಂಪು ಡಬ್ಬಿಯನ್ನೇ ತೆಗೆದುಕೊಂಡೆ.